ಬರಿಯ ಅಂಗೈಯ ಪೂಜೆ

ಅವ್ವ ಇಂದೂ ಬರಿಯ ಅಂಗೈಯನ್ನೇ ನೋಡುತ್ತ ಕುಳಿತಿದ್ದಳು. ಸ್ನಾನ ಮುಗಿದಿತ್ತು. ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ಇನ್ನೂ ಪೂರ್ತಿ ಆರಿರಲಿಲ್ಲ. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ತುಸು ಬಾಗಿಸಿ, ಅಲ್ಲಿ ಎಂದಿನಂತೆ ಇಷ್ಟಲಿಂಗವು ಬಿಜಯಮಾಡಿದೆಯೆಂಬ ಹಾಗೆ ದೃಷ್ಟಿಯನ್ನು ನೆಟ್ಟಿದ್ದಳು. ಬಲಗೈಯಿಂದ ಒಂದು ಹನಿ ನೀರನ್ನು ಆ ಶೂನ್ಯಕ್ಕೆ ಎರೆದಳು. ನೀರು ಅಂಗೈಯ ರೇಖೆಗಳಲ್ಲಿ ಹರಿದು ಮಣಿಕಟ್ಟಿನಿಂದ ಸೀರೆಯ ಮಡಿಲಿಗೆ ಇಳಿಯಿತು. ಹಿತ್ತಿಲಿನಿಂದ ತಂದ ಒಂದು ಬಿಳಿಯ ಹೂವನ್ನು ಎತ್ತಿ, ಲಿಂಗವಿದ್ದಿದ್ದರೆ ಅದರ ನೆತ್ತಿ ಬರುತ್ತಿದ್ದ ಎತ್ತರದಲ್ಲಿ ಕ್ಷಣಕಾಲ ಹಿಡಿದು, ಮೆಲ್ಲನೆ ಬಿಟ್ಟಳು. ಹೂವು ಅಂಗೈಯ ತಳಕ್ಕೆ ಬಿದ್ದಿತು. ಬಾಗಿಲ ಬಳಿ ರಕ್ತದ ಸಕ್ಕರೆ ನೋಡುವ ಯಂತ್ರವನ್ನು ಹಿಡಿದು ನಿಂತಿದ್ದ ಚನ್ನವೀರನಿಗೆ, ಆ ಹೂವು ಬಿದ್ದ ಎರಡಂಗುಲದ ದೂರವು ತಾನು ಈವರೆಗೆ ಅಳೆದ ಎಲ್ಲ ದೂರಗಳಿಗಿಂತ ಹೆಚ್ಚಿನದೆಂದು ತೋರಿತು.

ಎಂಟನೆಯ ವರ್ಷಕ್ಕೆ ನರಗುಂದದ ಮಠದಲ್ಲಿ ದೀಕ್ಷೆಯಾದಂದಿನಿಂದ ಅರುವತ್ತೈದು ವರ್ಷ ಬಸವ್ವ ಲಿಂಗಕ್ಕೆ ತೋರಿಸದ ಅನ್ನವನ್ನು ಬಾಯಿಗೆ ಇಟ್ಟವಳಲ್ಲ. ಈಗ ಲಿಂಗ ಕಾಣೆಯಾದ ಆರು ದಿನಗಳಿಂದ ಹಾಲು, ಬಾಳೆಯಹಣ್ಣು, ನಾಲ್ಕು ದ್ರಾಕ್ಷಿ. ಬೆಂದ ಪದಾರ್ಥವೊಂದೂ ಇಲ್ಲ. ಸಿಟ್ಟಿನಿಂದ ಬಿಟ್ಟಿದ್ದರೆ ಅವನು ಕಾಲು ಹಿಡಿಯುತ್ತಿದ್ದ, ಮಗನ ಹಕ್ಕಿನಿಂದ ಜಗಳವನ್ನಾದರೂ ಆಡುತ್ತಿದ್ದ. ಅವಳಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಊಟದ ಹೊತ್ತಿಗೆ ಮೇಜಿಗೆ ಬಂದು, ಎಲ್ಲರ ಜೊತೆ ಕುಳಿತು, ಮೊಮ್ಮಗಳ ತಟ್ಟೆಗೆ ತಾನೇ ತುಪ್ಪ ಬಡಿಸಿ, ತನ್ನ ಲೋಟದ ಹಾಲನ್ನು ನಿಧಾನವಾಗಿ ಕುಡಿದು ಏಳುತ್ತಿದ್ದಳು. ನಿನ್ನೆ ಸಂಜೆ ಹಾಗೆ ಏಳುವಾಗ ಕಣ್ಣು ಕತ್ತಲಿಟ್ಟು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು.

“ಬೆರಳ ಕೊಡವಾ,” ಎಂದ ಚನ್ನವೀರ, ಅವಳು ಕಣ್ಣು ತೆರೆದಾಗ.

“ಮತ್ತ ಚುಚ್ಚತೀಯೇನು? ಇರೂ ರಕ್ತಾ ಎಲ್ಲಾ ನಿನ್ನ ಮಿಶನ್ನಿಗೇ ಆತಲ್ಲೋ.” ನಕ್ಕಳು. ಕೈ ತಣ್ಣಗಿತ್ತು. ಯಂತ್ರವು ಅರುವತ್ತೊಂದು ಎಂದು ತೋರಿಸಿತು, ಇರಬೇಕಾದುದಕ್ಕಿಂತ ತೀರ ಕಡಿಮೆ. ಸಕ್ಕರೆಕಾಯಿಲೆಯ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದ ವೈದ್ಯೆ ಗುರುವಾರವೇ ಸ್ಪಷ್ಟವಾಗಿ ಹೇಳಿದ್ದಳು: ಸೋಮವಾರದೊಳಗೆ ಸರಿಯಾದ ಊಟ ಆರಂಭವಾಗದಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು. ಇಂದು ಶನಿವಾರ.

“ಎಷ್ಟ ಬಂತು?”

“ಚಲೋ ಐತಿ,” ಎಂದು ಸುಳ್ಳು ಹೇಳಿ ಅವನು ಕೆಳಗಿಳಿದು ಬಂದ.

ಎವರೆಟ್ ಊರಿನ ವಿಮಾನದ ಕಾರ್ಖಾನೆಯಲ್ಲಿ ಅವನ ಕೆಲಸವೆಂದರೆ ಕೆಡುಕನ್ನು ಮೊದಲೇ ಕಲ್ಪಿಸುವುದು. ಯಾವ ತಿರುಪು ಸಡಿಲವಾದರೆ ಏನಾದೀತು, ಯಾವ ಕೊಳವೆ ಸೋರಿದರೆ ಎಷ್ಟು ಮಂದಿಗೆ ಅಪಾಯ, ಅದು ಸಂಭವಿಸುವ ಸಾಧ್ಯತೆ ಎಷ್ಟು, ತಡೆಯುವ ಉಪಾಯವೇನು ಎಂದು ಅಡ್ಡಸಾಲು ಉದ್ದಸಾಲುಗಳ ಕೋಷ್ಟಕದಲ್ಲಿ ತುಂಬುವ ವೃತ್ತಿ. ಹದಿನೆಂಟು ವರ್ಷ ಇದನ್ನೇ ಮಾಡಿದವನಿಗೆ ಲೋಕವು ಮೆಲ್ಲಮೆಲ್ಲನೆ ಅದೇ ಕೋಷ್ಟಕದ ಆಕಾರಕ್ಕೆ ಬಂದಿತ್ತು. ಮಗಳು ಸ್ಮಿತಾಳ ವಸಂತದ ರಜೆಗೆ ಕೆರಿಬಿಯನ್ ದ್ವೀಪವೊಂದರ ಕಡಲೂರಿಗೆ ಹೋಗುವುದೆಂದು ನಿರ್ಧಾರವಾದ ದಿನವೇ ಅವನು ಒಂದು ಕೋಷ್ಟಕವನ್ನು ತೆರೆದ. ಹೊತ್ತು ಮುಳುಗಿದ ಮೇಲೆ ದಂಡೆಯ ಮೇಲೆ ನಡೆಯಕೂಡದು. ರಸ್ತೆಯಲ್ಲಿ ಕೈ ತೋರಿಸಿ ಕಾರು ಹತ್ತಕೂಡದು, ಹೋಟೆಲಿನವರೇ ಕರೆಸಬೇಕು. ನೀರಿಗೆ ಇಳಿಯುವಾಗ ಒಬ್ಬರು ಚೀಲಗಳ ಬಳಿ ಕುಳಿತಿರಬೇಕು. ಬಾಗಿಲು ಬಡಿದವರು ಯಾರೆಂದು ಕೆಳಗಿನ ಕಚೇರಿಗೆ ಕೇಳಿಯೇ ಚಿಲಕ ತೆಗೆಯಬೇಕು. ಮೈಮೇಲೆ ಚಿನ್ನ ಬೆಳ್ಳಿ ಯಾವುದೂ ಇರಕೂಡದು. ಹೆಂಡತಿ ಸ್ವಪ್ನಾ ಅದನ್ನು ಓದಿ, “ಏನ್ರೀ, ರಜಾಕ್ಕ ಹೊಂಟೇವೋ, ಯುದ್ಧಕ್ಕೋ?” ಎಂದು ಕೇಳಿದ್ದಳು. ಕೇಳಿದರೂ ತನ್ನ ಮಾಂಗಲ್ಯದ ಸರವನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಬಂದಳು. ಇಪ್ಪತ್ಮೂರನೆಯ ಸಾಲಿನಲ್ಲಿ ಅವನು, ಯಾವ ಅಳುಕೂ ಇಲ್ಲದೆ, ‘ಅವ್ವನ ಲಿಂಗದ ಕರಡಿಗೆ, ಬೆಳ್ಳಿಯದು’ ಎಂದು ಬರೆದಿದ್ದ. ಅದರ ಎದುರಿಗೆ, ‘ಕೋಣೆಯ ಲಾಕರು’ ಎಂದು.

ಅಲ್ಲಿ ಮುಟ್ಟಿದ ದಿನ ಕಡಲು ಕಿಟಕಿಯ ಗಾಜಿನ ತುಂಬ ಇತ್ತು. ಅವ್ವ ಮಗುವಿನಂತೆ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ಆಗಲೇ ಅವನು ಆ ಮಾತನ್ನು ತೆಗೆದದ್ದು. “ಕೊರಳಾಗಿನ ಲಿಂಗ ಬಿಚ್ಚಿಡಾಂಗಿಲ್ಲೋ, ತಮ್ಮಾ,” ಎಂದಳು ಅವಳು, ತಿರುಗಿ ನೋಡದೆ. ಬೇಕಾದರೆ ಕರಡಿಗೆಯನ್ನು ಲಾಕರಿಗೆ ಹಾಕು, ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ ಎಂದಳು. ಅವನು ಒಪ್ಪಲಿಲ್ಲ. “ದಾರಾ ಕಂಡ್ರ ಸಾಕವಾ, ಒಳಗ ಬಂಗಾರ ಐತಿ ಅಂತ ತಿಳ್ಕೋತಾರ. ಒಮ್ಮೆ ಹಿಡದ ಎಳದ್ರ ನೀ ಮಕಾಡೆ ಬೀಳ್ತಿ. ನಿನ್ನ ಎಲುವು ಮುರದ್ರ ನಾ ಏನ ಮಾಡ್ಲಿ?” ಆ ಕೊನೆಯ ಮಾತಿನಲ್ಲಿ ಅವನ ದನಿ ಒಡೆದದ್ದು ನಿಜ. ತಾಯಿ ಮರಳಿನ ಮೇಲೆ ಬಿದ್ದಿರುವ ಚಿತ್ರ ವಾರಗಟ್ಟಲೆ ಅವನ ನಿದ್ದೆಯನ್ನು ಕೆಡಿಸಿದ್ದೂ ನಿಜ. ಅವ್ವ ಗಾಜನ್ನು ಬಿಟ್ಟು ತಿರುಗಿ, ಅವನ ಮುಖವನ್ನು ಬಹಳ ಹೊತ್ತು ನೋಡಿ, ಸೆರಗಿನೊಳಗೆ ಕೈಯಾಡಿಸಿ ಶಿವದಾರವನ್ನು ಎತ್ತಿ ತಲೆಯ ಮೇಲಿಂದ ತೆಗೆದಳು. ಅವಳು ತೆಗೆದದ್ದು ಕಳ್ಳರಿಗೆ ಹೆದರಿ ಅಲ್ಲ, ಅವನ ಹೆದರಿಕೆಗೆ ಮರುಗಿ. ಆ ಅರಿವು ಅವನಿಗೆ ಆ ಕ್ಷಣದಲ್ಲಿಯೂ ಇತ್ತು. ಇದ್ದೂ ಅವನು ಕೈ ಚಾಚಿದ್ದ.

“ಅಪ್ಪಾ, ಅಜ್ಜಿ ಈಸ್ ನಾಟ್ ಓಕೆ,” ಎಂದಳು ಸ್ಮಿತಾ, ಅಡಿಗೆಮನೆಯ ಎತ್ತರದ ಕುರ್ಚಿಯಲ್ಲಿ ಕುಳಿತು. ಹದಿನಾಲ್ಕರ ಹುಡುಗಿ. ಅವಳ ಎದುರಿನ ಬಟ್ಟಲಿನಲ್ಲಿ ಅವಲಕ್ಕಿ ಹಾಗೆಯೇ ಇತ್ತು. “ಷೀ ಹೆಲ್ಡ್ ದ ವಾಲ್, ಕಮಿಂಗ್ ಔಟ್ ಆಫ್ ದ ಬಾತ್‌ರೂಮ್.”

“ನೀ ತಿನ್ನು ಮದಲ,” ಎಂದಳು ಸ್ವಪ್ನಾ. ಬಳಿಕ ದನಿ ತಗ್ಗಿಸಿ ಅವನನ್ನು ಕೇಳಿದಳು, “ಎಷ್ಟ ಬಂತು, ಖರೇ ಹೇಳ್ರಿ.” ಅವನು ಹೇಳಿದ. ಅವಳು ಕೈಯಲ್ಲಿದ್ದ ಸೌಟನ್ನು ತೊಟ್ಟಿಯಲ್ಲಿ ಇಟ್ಟಳು. “ಗುರುಪಾದಪ್ಪನವರನ್ನ ಮತ್ತೊಮ್ಮೆ ಕರೀರಿ. ಅವರ ಮಾತಿಗೆ ಅತ್ತಿ ಎದುರ ಆಡೂದಿಲ್ಲ.”

ಎಜುಕೇಶನ್ ಹಿಲ್‌ನಲ್ಲಿ ಮಗನ ಮನೆಯಲ್ಲಿರುವ ಗುರುಪಾದಪ್ಪನವರು ಜಂಗಮ ಮನೆತನದ ಹಿರಿಯರು. ಗುರುವಾರ ಬಂದು, ಅವ್ವನ ಎದುರು ಪದ್ಮಾಸನದಲ್ಲಿ ಕುಳಿತು, ತಾವೇ ಸಂಸ್ಕಾರ ಮಾಡಿ ಬೇರೆ ಲಿಂಗವನ್ನು ಕರುಣಿಸುವುದಾಗಿ ಹೇಳಿದ್ದರು. ಅಂಗದಿಂದ ಲಿಂಗವು ಅಗಲಿದರೆ ಪ್ರಾಣವನ್ನೇ ಬಿಡಬೇಕೆಂದು ನಂಬಿದ್ದ ಹಿಂದಿನವರ ನಿಷ್ಠೆಯನ್ನು ನೆನೆದು ಕೈಮುಗಿದರು. ದಯೆಯನ್ನು ಬಿಟ್ಟ ಧರ್ಮವನ್ನು ಶಿವನು ಕೇಳನೆಂದೂ ವಿವರಿಸಿದರು. ಅವ್ವ ಅವರ ಪಾದಕ್ಕೆ ನಮಸ್ಕರಿಸಿ, “ಬ್ಯಾರೇದು ತಗೊಂಡ್ರ ಅದು ಹೋತು ಅಂದಂಗ ಆಕ್ಕೈತ್ರಿ, ಅಯ್ಯಾರ. ಅದು ಎಲ್ಲೆರೆ ಇರತೈತಿ. ಇದ್ದದ್ದನ್ನ ಹೋಗೇತಿ ಅಂತ ಹೆಂಗ ಅನ್ಲಿ?” ಎಂದಿದ್ದಳು. ಅವರು ಎದ್ದು ಹೊರಗೆ ಬಂದರು. ಕಾರಿನ ಬಳಿ ನಿಂತು ಚನ್ನವೀರನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ತಾಯಿಯವರಿಗೆ ಬುದ್ಧಿ ಹೇಳೂವಷ್ಟು ದೊಡ್ಡಾಂವ ಅಲ್ಲ ನಾನು,” ಎಂದು ಹೊರಟುಹೋದರು.

ಫೋನು ಬಂದದ್ದು ಹತ್ತು ಗಂಟೆಯ ಸುಮಾರಿಗೆ. ಆ ದ್ವೀಪದ ಸಂಖ್ಯೆಯನ್ನು ಕಂಡಕೂಡಲೇ ಅವನು ಹಿತ್ತಿಲಿನ ಬಾಗಿಲನ್ನು ಸರಿಸಿ ಹೊರಗೆ ಹೋದ. ಮಂಜಿನಂಥ ತುಂತುರು, ದೇವದಾರುಗಳ ಆಚೆ ಹೆದ್ದಾರಿಯ ಸದ್ದು. ಹೋಟೆಲಿನ ಭದ್ರತಾ ಅಧಿಕಾರಿ ನಿಧಾನವಾಗಿ ಮಾತಾಡುವ ಮನುಷ್ಯ. ಸೋಮವಾರದಿಂದ ಇದು ಅವರ ಐದನೆಯ ಮಾತುಕತೆ. ನಿಮ್ಮ ವಸ್ತು ಸಿಕ್ಕಿದೆ, ಎಂದ. ನೀವು ಹೋದ ದಿನ ಬೆಳಿಗ್ಗೆಯೇ ಕೋಣೆಯನ್ನು ಸ್ವಚ್ಛ ಮಾಡುವಾಗ ಕೆಲಸದ ಹೆಂಗಸು ಇವೆಟ್ ಅದನ್ನು ಲಾಕರಿನ ಹಿಂಬದಿಯಲ್ಲಿ ಕಂಡು, ಬಿಚ್ಚದೆ, ಲಕೋಟೆಯಲ್ಲಿ ಹಾಕಿ ಕೆಳಗಿನ ಕಚೇರಿಗೆ ಒಪ್ಪಿಸಿದ್ದಳು. ಅಲ್ಲಿಯವರು ಬೇರೊಂದು ಕೋಣೆಯ ಹೆಸರಿನಲ್ಲಿ ಎತ್ತಿಟ್ಟಿದ್ದರು. ಕೊಟ್ಟೆನೆಂದು ಅವಳು ಎಷ್ಟು ಹೇಳಿದರೂ ದಾಖಲೆ ಸಿಕ್ಕಿರಲಿಲ್ಲ. ಇಂದು ಸಿಕ್ಕಿತು. “ವಿಚಾರಣೆ ಮುಗಿಯುವವರೆಗೆ ನಾಲ್ಕು ದಿನ ಅವಳನ್ನು ಕೆಲಸದಿಂದ ದೂರ ಇಟ್ಟಿದ್ದೆವು. ನೀವೇ ಅವಳ ಹೆಸರನ್ನು ಹೇಳಿದ್ದಿರಿ,” ಎಂದ. ದೂರಿನ ದನಿಯಲ್ಲಿ ಅಲ್ಲ, ಹವಾಮಾನವನ್ನು ತಿಳಿಸುವ ದನಿಯಲ್ಲಿ.

ಹೇಳಿದ್ದ. ತುಂತುರಿನಲ್ಲಿ ನಿಂತು ಚನ್ನವೀರ ಅದನ್ನು ಮತ್ತೆ ಕೇಳಿಸಿಕೊಂಡ, ತನ್ನದೇ ಬಾಯಿಯಿಂದ ಬಂದದ್ದನ್ನು, ಸೋಮವಾರ, ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು. ಆ ಹೆಂಗಸು ಅದನ್ನು ನೋಡಿದ್ದಾಳೆ. ಅದರ ವಿಷಯ ಕೇಳಿದ್ದಾಳೆ. ಮೊದಲು ಅವಳನ್ನು ವಿಚಾರಿಸಿ. ಹೆಸರು ಹೇಗೆ ಗೊತ್ತು ಎಂದು ಅಧಿಕಾರಿ ಕೇಳಿದಾಗ ಅವನಿಗೆ ಹೆಮ್ಮೆಯೇ ಆಗಿತ್ತು: ಎದೆಯ ಮೇಲಿನ ಬಿಲ್ಲೆಯನ್ನು ಓದಿ ಫೋನಿನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದೆ. ರಜೆಯ ನಡುವಿನ ಒಂದು ಬೆಳಿಗ್ಗೆ ಅವನು ನಡೆದಾಡಿ ಕೋಣೆಗೆ ಮರಳಿದಾಗ ಬಾಗಿಲು ತೆರೆದೇ ಇತ್ತು. ಒಳಗೆ ಅವ್ವ, ಅವನು ಲಾಕರಿನಿಂದ ತೆಗೆದುಕೊಟ್ಟಿದ್ದ ಲಿಂಗವನ್ನು ಹಿಡಿದು, ಮೊಗಸಾಲೆಯ ಬೆಳಕಿನಲ್ಲಿ ಪೂಜೆಯನ್ನು ಮುಗಿಸುತ್ತಿದ್ದಳು. ಹೊಸ್ತಿಲ ಬಳಿ ಕೆಲಸದ ನೀಲಿ ಉಡುಪಿನ ನಡುವಯಸ್ಸಿನ ಹೆಂಗಸೊಬ್ಬಳು, ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಪೂಜೆ ಮುಗಿಯಲೆಂದು ಕೈಕಟ್ಟಿ ಕಾದು ನಿಂತಿದ್ದಳು. ಅವ್ವ ಅವಳನ್ನು ಕೈಸನ್ನೆಯಿಂದ ಕರೆದು ಬಾಳೆಯಹಣ್ಣೊಂದನ್ನು ಕೊಟ್ಟಳು. ಆಕೆ ಅದನ್ನು ಎರಡೂ ಕೈಯಲ್ಲಿ ಪಡೆದು, ಅವ್ವನ ಅಂಗೈಯನ್ನು ತೋರಿಸಿ ಏನೋ ಕೇಳಿ, ತನ್ನ ಕೊರಳಿನ ಸಣ್ಣ ಶಿಲುಬೆಯನ್ನು ಹೊರಕ್ಕೆ ಎಳೆದು ತೋರಿಸಿ ನಕ್ಕಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಮಾತು ನಡೆದಿತ್ತು. ಅವನು ನಡುವೆ ನುಗ್ಗಿ, ಮೇಜಿನ ಮೇಲೆ ತೆರೆದಿದ್ದ ಬೆಳ್ಳಿಯ ಕರಡಿಗೆಯನ್ನು ಎತ್ತಿಕೊಂಡು, ಅವ್ವನ ಕೈಯಿಂದ ಲಿಂಗವನ್ನು ಹೆಚ್ಚುಕಡಿಮೆ ಕಸಿದು ಒಳಗಿಟ್ಟು, ಕರಿಯ ವಸ್ತ್ರದಲ್ಲಿ ಸುತ್ತಿ ಲಾಕರಿಗೆ ಹಾಕಿ ಸಂಖ್ಯೆಯನ್ನು ಒತ್ತಿದ. ಒತ್ತುವಾಗ ಆ ಹೆಂಗಸಿಗೆ ಕಾಣದಂತೆ ಮೈಯನ್ನು ಅಡ್ಡ ಮಾಡಿದ. ಅವಳ ನಗೆ ಮುಖದ ಮೇಲೆಯೇ ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮೆಲ್ಲನೆ ಆರಿತು. ಅವಳು ಕೋಲನ್ನು ತೆಗೆದುಕೊಂಡು, ಆಮೇಲೆ ಬರುತ್ತೇನೆಂದು ಹೇಳಿ ಹೋದಳು.

ಹೊರಡುವ ಹಿಂದಿನ ಸಂಜೆ ಪಾಸ್‌ಪೋರ್ಟುಗಳನ್ನು ಲಾಕರಿನಿಂದ ತೆಗೆದುಕೊಂಡವನು, ಬೆಳಿಗ್ಗೆಯ ಗಡಿಬಿಡಿಗೆ ಒಂದು ಕೆಲಸ ಕಡಿಮೆಯಾಗಲೆಂದು, ‘ಲಾಕರು ಖಾಲಿ’ ಎಂಬ ಸಾಲಿಗೆ ಆಗಲೇ ಗುರುತು ಹಾಕಿಬಿಟ್ಟಿದ್ದ. ಕೈಯನ್ನು ಹಿಂದಿನವರೆಗೆ ಹಾಕಿ ನೋಡಲಿಲ್ಲ. ನಸುಕಿನಲ್ಲೇ ಹೊರಡಬೇಕಿದ್ದುದರಿಂದ ಅವ್ವ ಆ ದಿನದ ಪೂಜೆಯನ್ನು ಮನೆ ಮುಟ್ಟಿದ ಮೇಲೆ ಮಾಡುವುದೆಂದು ಉಳಿಸಿಕೊಂಡಿದ್ದಳು. ವಿಮಾನದಲ್ಲಿ ಅವ್ವ, “ಕರಡಿಗಿ ತಗೊಂಡೀಯಿಲ್ಲ?” ಎಂದಾಗ ಅವನು ಕೋಷ್ಟಕವನ್ನು ನೋಡಿ, “ತಗೊಂಡೀನವಾ,” ಎಂದಿದ್ದ. ಕಳ್ಳರ ಊರೆಂದು ಅವನು ನಡುಗಿದ ಊರಿನಲ್ಲಿ ಅವರದೊಂದು ಕರವಸ್ತ್ರವೂ ಕಳೆದಿರಲಿಲ್ಲ. ಅವ್ವನ ಲಿಂಗವನ್ನು ಅವಳ ಕೊರಳಿನಿಂದ ತೆಗೆಸಿದವನು ಒಬ್ಬನೇ. ಅವಳ ಕೈಯಿಂದ ಕಸಿದವನೂ ಒಬ್ಬನೇ.

ಗುಟ್ಟಾಗಿ ಫೋನನ್ನು ಜೇಬಿಗಿಳಿಸಿ ಒಳಗೆ ಹೋಗಬಹುದಿತ್ತು. ಸಿಕ್ಕಿತು ಎಂಬ ಒಂದೇ ಮಾತನ್ನು ಹೇಳಿ, ಉಳಿದುದನ್ನು ತುಂತುರಿನಲ್ಲೇ ಬಿಡಬಹುದಿತ್ತು. ಅವನು ಅಧಿಕಾರಿಗೆ ಒಂದು ನಿಮಿಷ ತಡೆಯಲು ಹೇಳಿ, ಫೋನನ್ನು ಹಾಗೆಯೇ ಹಿಡಿದು, ಒದ್ದೆಯ ಕಾಲಿನಲ್ಲಿ ಮೆಟ್ಟಿಲು ಹತ್ತಿದ. ಅವ್ವ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು.

“ಸಿಕ್ತವಾ.”

ಅವಳು ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು. ಆಮೇಲೆ, “ಎಲ್ಲಿತ್ತಂತ?” ಎಂದಳು.

ಅವನು ನಿಂತೇ ಎಲ್ಲವನ್ನೂ ಹೇಳಿದ. ನೋಡದೆ ಹಾಕಿದ ಗುರುತನ್ನು, ಸೋಮವಾರದ ಫೋನನ್ನು, ಹೆಸರನ್ನು, ನಾಲ್ಕು ದಿನವನ್ನು. ಹೇಳುತ್ತ ಹೋದಂತೆ ಅವನ ಮಾತಿನಿಂದ ಕಾರ್ಖಾನೆಯ ಶಬ್ದಗಳೆಲ್ಲ ಉದುರಿ, ಕೊನೆಗೆ ನರಗುಂದದ ಓಣಿಯ ಹುಡುಗನ ಮಾತಷ್ಟೇ ಉಳಿಯಿತು.

“ಆ ಹೆಣ್ಮಗಳ ಮ್ಯಾಲ ಹಾಕಿದ್ಯಾ?”

“ಹಾಕಿದ್ನಿ.”

“ಬಾಳೀಹಣ್ಣ ತಗೊಂಡಾಕಿ?”

“ಹೌದು.”

ಅವಳು ಬಯ್ಯಲಿಲ್ಲ. ಎದ್ದು ನಿಲ್ಲಲು ಹೋಗಿ, ಆಗದೆ, ಮತ್ತೆ ಕುಳಿತಳು. “ಫೋನಿನ್ಯಾಗ ಅದಾಳೇನು ಆಕಿ? ಕರಸು.”

ಇವೆಟ್ ಅಲ್ಲಿಯೇ, ಅಧಿಕಾರಿಯ ಕೋಣೆಯಲ್ಲಿಯೇ ಇದ್ದಳು. ಚನ್ನವೀರ ಫೋನಿನ ದನಿಯನ್ನು ಎಲ್ಲರಿಗೂ ಕೇಳಿಸುವಂತೆ ಮಾಡಿ ಅವ್ವನ ಮಂಚದ ಅಂಚಿಗೆ ಕುಳಿತ. ದಿನಕ್ಕೆ ನೂರು ಸಲ ಆಡುವ ಇಂಗ್ಲಿಷಿನಲ್ಲಿ ಪದಗಳಿಗಾಗಿ ಹುಡುಕಿದ. ತಪ್ಪು ನನ್ನದು, ನೀವು ಏನೂ ಮಾಡಿರಲಿಲ್ಲ, ತಿಳಿಯದೆ ನಿಮ್ಮ ಹೆಸರನ್ನು ಹೇಳಿದೆ, ಅಲ್ಲ, ತಿಳಿದೇ ಹೇಳಿದೆ, ಕ್ಷಮಿಸಿ ಎಂದ. ಆ ತುದಿಯಲ್ಲಿ ದೂರದಲ್ಲೆಲ್ಲೋ ಪಾತ್ರೆಗಳ ಸದ್ದು. ಅವಳು ಒಮ್ಮೆಗೇ ಕ್ಷಮಿಸಲಿಲ್ಲ. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಸ್ವಾಮಿ, ನನ್ನ ಮಗಳು ಕೇಳಿದಳು, ಅಮ್ಮಾ, ಇಂದೂ ಯಾಕೆ ಮನೆಯಲ್ಲಿದ್ದೀಯ ಎಂದು. ಏನು ಹೇಳಬೇಕಿತ್ತು ನಾನು? ಎಂದಳು. ಸುಳ್ಳು ದೂರು ಕೊಟ್ಟವನೊಬ್ಬನಿದ್ದನೆಂದು, ನನ್ನ ಹೆಸರನ್ನೇ ಅವಳಿಗೆ ಹೇಳಿ, ಎಂದ ಚನ್ನವೀರ.

ಅವ್ವ ಕೈ ಚಾಚಿ ಫೋನನ್ನು ತೆಗೆದುಕೊಂಡಳು. ಅದನ್ನು ಬಾಯಿಯ ಹತ್ತಿರ, ಸಕ್ಕರೆಯ ಅಚ್ಚನ್ನು ಹಿಡಿದಂತೆ, ಎರಡು ಬೆರಳುಗಳಲ್ಲಿ ಹಿಡಿದು, ಕನ್ನಡದಲ್ಲಿಯೇ ಮಾತಾಡಿದಳು. “ತಪ್ಪಾತವಾ, ತಂಗೀ. ನನ್ನ ಮಗಾ ಅಂಜಬುರಕ. ಸಣ್ಣಾಂವ ಇದ್ದಾಗಿಂದ ಹಂಗ ಅದಾನ. ನಿನ್ನ ಹೊಟ್ಟೀ ಉರಿಸ್ಯಾನ. ನನ್ನ ಮಾರಿ ನೋಡಿ ಹೊಟ್ಟ್ಯಾಗ ಹಾಕ್ಕೊವಾ.” ಚನ್ನವೀರ ಅನುವಾದಿಸಲು ಬಾಯಿ ತೆರೆದ. ಅಷ್ಟರಲ್ಲಿ ಆ ತುದಿಯಿಂದ, “ಗ್ರ್ಯಾನಿ?” ಎಂಬ ದನಿ, ಬಳಿಕ ನಗೆಯೋ ಅಳುವೋ ತಿಳಿಯದ ಒಂದು ಉಸಿರು, ಬಳಿಕ ಆಕೆಯ ದ್ವೀಪದ ಧಾಟಿಯ ಇಂಗ್ಲಿಷಿನಲ್ಲಿ ಉದ್ದದ ಮಾತು. ಅದರಲ್ಲಿ ಅವನಿಗೆ ಅರ್ಧ ತಿಳಿಯಿತು. ಅಜ್ಜಿ ಉಂಡಳೇ ಎಂದು ಆಕೆ ಕೇಳುತ್ತಿದ್ದಳು. ಅದಿಲ್ಲದೆ ಅಜ್ಜಿ ಉಣ್ಣುವುದಿಲ್ಲವೆಂದು ತನಗೆ ಗೊತ್ತು, ದಿನವೂ ಬೆಳಗಿನ ತಟ್ಟೆ ಅದಕ್ಕಾಗಿ ಕಾದಿರುವುದನ್ನು ತಾನು ನೋಡಿದ್ದೇನೆ ಎನ್ನುತ್ತಿದ್ದಳು. ಅವ್ವ, “ಹೂಂ, ಹೂಂ,” ಎಂದು ಎಲ್ಲಕ್ಕೂ ತಲೆದೂಗಿದಳು.

“ನಾನ ಹೋಗಿ ತರ್ತೀನಿ,” ಎಂದ ಅವನು, ಫೋನು ಇಟ್ಟಮೇಲೆ. “ಟಪಾಲಿನ್ಯಾಗ ಬ್ಯಾಡ. ನಾಳೆ ಮುಂಜಾನೆ ಹೊಂಟ್ರ ಮಂಗಳವಾರ ಬರ್ತೀನಿ. ಆಕಿ ಮುಂದ ನಿಂತು ಇನ್ನೊಮ್ಮೆ ಹೇಳ್ತೀನಿ.”

“ಹೋಗಿ ಬಾ. ಈ ಸಲ ಪಟ್ಟಿ ಮಾಡಬ್ಯಾಡ.”

ಬಾಗಿಲಲ್ಲಿ ನಿಂತಿದ್ದ ಸ್ವಪ್ನಾ ನಗಲಿಲ್ಲ. “ಮಂಗಳವಾರದ ತನಕ ಹಾಲಿನ ಮ್ಯಾಲ ಹೆಂಗ ಇರ್ತೀರಿ, ಅತ್ತೀ? ಸಕ್ಕರಿ ಅರವತ್ತೊಂದಕ್ಕ ಇಳದೈತಿ. ಸೋಮವಾರ ದವಾಖಾನಿಗೆ ಹಾಕ್ತಾರ. ಅಲ್ಲಿ ಕೈಯಾಗ ಸೂಜಿ ಚುಚ್ಚಿ ಉಣಿಸ್ತಾರ. ಆಗ ಯಾವ ಲಿಂಗಕ್ಕ ತೋರಸ್ತೀರಿ?” ಕೊನೆಯ ಮಾತು ಆಡಬಾರದಿತ್ತೆಂದು ಅವಳಿಗೆ ಅನ್ನಿಸಿತು, ಕಣ್ಣು ತುಂಬಿಕೊಂಡಳು.

ಅವ್ವ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಮಗನತ್ತ ತಿರುಗಿ, ಬಹಳ ಸಾಧಾರಣವಾದ ಏನನ್ನೋ, ಚಾವಿ ಎಲ್ಲಿಟ್ಟಿದ್ದೀ ಎಂಬಂತೆ, ಕೇಳಿದಳು.

“ನಿಂದ ಎಲ್ಲೈತೋ, ಚನ್ನಾ?”

ಇಪ್ಪತ್ತಮೂರು ವರ್ಷ ಅವಳು ಕೇಳಿರಲಿಲ್ಲ. ಅವನು ಈ ದೇಶಕ್ಕೆ ಬಂದ ಮೊದಲ ವರ್ಷ, ಯಾವುದೋ ವಿಮಾನ ನಿಲ್ದಾಣದ ತಪಾಸಣೆಯಲ್ಲಿ, ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿಸಿ, ಕರಡಿಗೆಯನ್ನು ತೆರೆಸಿ, ಕೈಗವಸು ಹಾಕಿಕೊಂಡ ಅಧಿಕಾರಿಯೊಬ್ಬ ಆ ಕರಿಯ ಲಿಂಗವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿದ್ದ, ಮೂಸಿಯೂ ನೋಡಿದ್ದ. ಹಿಂದಿನ ಸಾಲಿನಲ್ಲಿ ಜನ ಕಾಯುತ್ತಿದ್ದರು. ಒಂದು ಮಗು, ಅದೇನು ಎಂದು ತಾಯಿಯನ್ನು ಕೇಳಿತ್ತು. ತಾಯಿ ಮಗುವನ್ನು ತನ್ನತ್ತ ಎಳೆದುಕೊಂಡಿದ್ದಳು. ಅಂದು ಕೋಣೆಗೆ ಬಂದವನು ಅದನ್ನು ಕೊರಳಿನಿಂದ ತೆಗೆದಿಟ್ಟ. ಕಳೆಯಬಾರದೆಂದು, ಯಾರೂ ಮತ್ತೆ ಮುಟ್ಟಬಾರದೆಂದು, ಆಮೇಲೆ ನೋಡೋಣವೆಂದು. ಬೆಂಕಿ ತಾಗದ ಉಕ್ಕಿನ ಪೆಟ್ಟಿಗೆಯಲ್ಲಿ, ಪದವಿಯ ಪ್ರಮಾಣಪತ್ರ ಮತ್ತು ಮನೆಯ ಕಾಗದಗಳ ಕೆಳಗೆ, ಅದು ಇನ್ನೂ ಇತ್ತು. ಅವನು ಬಹಳ ಜೋಪಾನವಾಗಿ ಇಟ್ಟಿದ್ದ.

“ಐತವಾ. ಪೆಟಗ್ಯಾಗ.”

“ಜಳಕಾ ಮಾಡಿ ತಗೊಂಬಾ. ಏನರೆ ಅಡಿಗಿ ಮಾಡು, ನೀನ ಮಾಡು. ನಿನ್ನ ಲಿಂಗಕ್ಕ ತೋರಿಸಿ ಕೊಟ್ರ ಅದು ನನಗ ಪ್ರಸಾದ. ಪ್ರಸಾದ ಒಲ್ಲೆ ಅನ್ನಾಕ ನಾ ಯಾರು?”

ಸ್ವಪ್ನಾ ತಲೆಯೆತ್ತಿದಳು. “ಇದನ್ನ ಮದಲ ದಿನಾನ ಹೇಳಿದ್ರ ಆಗ್ತಿದ್ದಿಲ್ಲೇನು, ಅತ್ತೀ?”

“ಆವತ್ತ ಹೇಳಿದ್ರ ಹೆದರಿ ಹಾಕ್ಕೋತಿದ್ದ. ಅವ್ವ ಸಾಯ್ತಾಳ ಅಂತ.” ಅವಳು ಮಗನ ಮುಖವನ್ನು, ಆ ಕಡಲಿನ ಕಿಟಕಿಯ ಬಳಿ ನೋಡಿದಂತೆಯೇ, ನೋಡಿದಳು. “ಹೆದರಿ ಬಿಚ್ಚಿದ್ದು ಸಾಕಾಗೇತಿ ನಮ್ಮ ಮನ್ಯಾಗ. ಹೆದರಿ ಹಾಕ್ಕೊಳ್ಳೂದು ಬ್ಯಾಡ.”

ಸ್ನಾನ ಮಾಡಿ, ತೊಳೆದ ಪಂಚೆ ಉಟ್ಟು, ಅವನು ಗೋದಿಯ ರವೆಯನ್ನು ಹುರಿದ. ಸ್ಮಿತಾ ಈರುಳ್ಳಿ ಹೆಚ್ಚಿಕೊಡಲು ಬಂದಳು. ಅಜ್ಜಿ ಮಹಡಿಯಿಂದಲೇ, “ಉಳ್ಳಾಗಡ್ಡಿ ಬ್ಯಾಡ ಇವತ್ತ,” ಎಂದು ಕೂಗಿದಳು. ಕೂಗುವ ಶಕ್ತಿ ಎಲ್ಲಿಂದ ಬಂದಿತೋ. ನೀರು ಕುದಿಯಿತು, ರವೆ ಬೆಂದಿತು. ಚಮಚದ ತುದಿಯಲ್ಲಿ ತುಸು ತೆಗೆದು ನಾಲಿಗೆಗೆ ತಾಗಿಸಲು ಹೋದವನು, ಲಿಂಗದ ಆರೋಗಣೆಗೆ ಮುನ್ನ ರುಚಿ ನೋಡಬಾರದೆಂಬುದು ನೆನಪಾಗಿ, ಕೈಯನ್ನು ಹಿಂದಕ್ಕೆ ತೆಗೆದ. ಯಾರು ಕಲಿಸಿದ್ದೆಂದು ನೆನಪಿರಲಿಲ್ಲ. ಕೈಗೆ ನೆನಪಿತ್ತು.

ಅವ್ವನ ಎದುರು ಚಾಪೆಯ ಮೇಲೆ ಕುಳಿತು ಅವನು ಕರಡಿಗೆಯ ತಿರುಪನ್ನು ತೆರೆದ. ಬೆಳ್ಳಿ ಕಪ್ಪಾಗಿತ್ತು, ಒಳಗಿನ ವಸ್ತ್ರ ಹಳದಿಯಾಗಿತ್ತು. ಲಿಂಗವು ಮಾತ್ರ ತಾನು ಇದ್ದ ಹಾಗೆಯೇ ಇತ್ತು, ಮುಚ್ಚಿಟ್ಟವನ ಮೇಲೆ ಮುನಿಸನ್ನೂ ತೋರದೆ. ಎಡದ ಅಂಗೈಯ ಮೇಲೆ ಅದನ್ನು ಇಟ್ಟುಕೊಂಡಾಗ ಅದರ ತೂಕ ಇಷ್ಟೇ ಎಂದು ಅವನಿಗೆ ಬೆರಗಾಯಿತು. ಇಷ್ಟೇ ತೂಕದ್ದು ಕೊರಳಿನಲ್ಲಿ ಇಲ್ಲದೆ ಇಷ್ಟು ವರ್ಷ ಎಷ್ಟೊಂದು ಭಾರವನ್ನು ಹೊತ್ತು ನಡೆದೆನಲ್ಲ ಎಂಬುದು ತಡವಾಗಿ ಹೊಳೆಯಿತು. “ಬೆರಳ ಸ್ವಲ್ಪ ಬಾಗಸು,” ಎಂದಳು ಅವ್ವ. “ಹಂಗಲ್ಲ, ಹಿಂಗ. ಮದಲ ನೀರು. ಆಮ್ಯಾಲ ಭಸ್ಮ. ಗಡಬಡಿ ಮಾಡಬ್ಯಾಡ, ಅದೇನ ಎಲ್ಲೂ ಓಡಿ ಹೋಗೂದಿಲ್ಲ.” ಮಂತ್ರ ನಡುವೆ ಕಡಿಯಿತು, ಅವಳು ಮುಂದಿನ ಅಕ್ಷರವನ್ನು ಅಂದಳು, ಅವನು ಅದನ್ನು ಹಿಡಿದು ಮುಂದೆ ನಡೆದ. ದೃಷ್ಟಿ ನಿಲ್ಲಲಿಲ್ಲ. ಅಧಿಕಾರಿಯ ಕೈಗವಸಿನ ಬೆರಳುಗಳು ಬಂದವು, ಹೊಸ್ತಿಲಲ್ಲಿ ಆರಿದ ನಗೆ ಬಂತು, ಅಮ್ಮ ಇಂದೂ ಯಾಕೆ ಮನೆಯಲ್ಲಿದ್ದಾಳೆಂದು ತಿಳಿಯದ ಮಗುವೊಂದು ಬಂತು. ಅವನು ಯಾವುದನ್ನೂ ತಳ್ಳಲಿಲ್ಲ. ಎಲ್ಲವೂ ಬಂದು ಆ ಅಂಗೈಯ ಸುತ್ತ ಕುಳಿತವು. ಬಹಳ ಹೊತ್ತಾದ ಮೇಲೆ, ಕಣ್ಣೀರು ತೊಟ್ಟಿಕ್ಕಿ ಲಿಂಗದ ಮೇಲೆ ಬಿದ್ದಾಗ, ಒರೆಸಲು ಹೋದ ಅವನ ಬಲಗೈಯನ್ನು ಅವ್ವ ತಡೆದಳು. “ಇರಲಿ. ಅದೂ ನೀರ.”

ಅವನು ಉಪ್ಪಿಟ್ಟನ್ನು ಲಿಂಗಕ್ಕೆ ತೋರಿಸಿ, ತಟ್ಟೆಯನ್ನು ಎರಡೂ ಕೈಗಳಲ್ಲಿ ಅವಳ ಮುಂದೆ ಹಿಡಿದ. ಸ್ವಪ್ನಾ ಗೋಡೆಗೆ ಒರಗಿ ನಿಂತಿದ್ದಳು. ಸ್ಮಿತಾ ಅವಳ ತೋಳನ್ನು ಹಿಡಿದಿದ್ದಳು. ಅವ್ವ ತಟ್ಟೆಯನ್ನು ಹಣೆಗೆ ಮುಟ್ಟಿಸಿ, ಒಂದು ತುತ್ತು ತೆಗೆದು ಬಾಯಿಗೆ ಇಟ್ಟುಕೊಂಡಳು. ಅಗಿದಳು. ನಿಲ್ಲಿಸಿದಳು. ಮತ್ತೆ ಅಗಿದಳು. ಹುಬ್ಬುಗಳು ಮೆಲ್ಲಗೆ ಮೇಲೆದ್ದವು.

“ಉಪ್ಪ ಹಾಕಿಲ್ಲಲ್ಲೋ.”

ಚನ್ನವೀರ ಎದ್ದು ನಿಂತ. “ತರ್ತೀನವಾ, ಈಗ ತರ್ತೀನಿ.”

“ಕುಂದ್ರು. ಪ್ರಸಾದಕ್ಕ ಮ್ಯಾಲ ಉಪ್ಪ ಹಾಕ್ತಾರೇನು?” ಎರಡನೆಯ ತುತ್ತು, ಮೂರನೆಯದು. ಮುಖದಲ್ಲಿ ಬಣ್ಣ ಮರಳುವುದು ಕಣ್ಣಿಗೆ ಕಾಣುವಂಥದಲ್ಲ. ಆದರೂ ಅವರು ಮೂವರೂ ಅದನ್ನೇ ನೋಡುತ್ತಿದ್ದರು. ಅವಳು ಬೆರಳುಗಳಿಂದ ತಟ್ಟೆಯ ಅಂಚನ್ನು ಬಳಿದು ತಿಂದು, ಬರಿದಾದ ತಟ್ಟೆಯನ್ನು ಅವನತ್ತ ಚಾಚಿದಳು.

“ಇನ್ನಷ್ಟ ನೀಡು,” ಎಂದಳು.